ಕುಡಿದು ಓಡಿಸಿದ ಕೇಸು: ಕೋರ್ಟಿನ ಕಾಗದ ಹುಡುಕುವುದು ಹೇಗೆ?

ಪ್ರಶ್ನೆ: ಮಗಳಿಗೆ ನೋಡಿರುವ ಹುಡುಗ ಅಂಧೇರಿಯಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ನಾಕಾಬಂದಿಯಲ್ಲಿ ಕುಡಿದು ಸಿಕ್ಕಿಬಿದ್ದಿದ್ದ ಎಂದು ಬಳಗದವರೊಬ್ಬರು ಹೇಳಿದರು. ಕೋರ್ಟಿನ ದಾಖಲೆ ನಮ್ಮಂಥವರು ನೋಡಬಹುದೇ? ಮೂರು ಸಾವಿರ ಕೊಟ್ಟರೆ ತೆಗೆಸಿಕೊಡುತ್ತೇನೆ ಎನ್ನುತ್ತಿದ್ದಾನೆ ಒಬ್ಬ ಏಜೆಂಟ್.
— ಓದುಗರು, ಡೊಂಬಿವಿಲಿ

ಉತ್ತರ: ಮೂರು ಸಾವಿರ ಉಳಿಸಿಕೊಳ್ಳಿ. ಆತ ನೋಡುವುದೂ ಕೋರ್ಟುಗಳ ಅಧಿಕೃತ ಇಕೋರ್ಟ್ಸ್ ಸರ್ವಿಸಸ್ ಜಾಲತಾಣವನ್ನೇ. ಅದು ಎಲ್ಲರಿಗೂ ಪುಕ್ಕಟೆ, ಮೊಬೈಲ್ ಆ್ಯಪ್ ಕೂಡ ಇದೆ.

ಮೊದಲು ಯಾವ ಕೋರ್ಟು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಕೇಸು ನಡೆಯುವುದು ಆರೋಪಿಯ ಮನೆ ಇರುವಲ್ಲಿ ಅಲ್ಲ, ಸಿಕ್ಕಿಬಿದ್ದ ಜಾಗ ಯಾವ ಕೋರ್ಟಿಗೆ ಸೇರುತ್ತದೋ ಅಲ್ಲಿ. ನಿಮ್ಮ ಡೊಂಬಿವಿಲಿಯವರನ್ನೇ ಮುಲುಂಡಿನಲ್ಲಿ ಹಿಡಿದರೆ ಕೇಸು ಮುಂಬಯಿಯದು, ಠಾಣೆ ಜಿಲ್ಲೆಯ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗದು. ಜಾಲತಾಣದಲ್ಲಿ ಮಹಾರಾಷ್ಟ್ರ ಆರಿಸಿದಾಗ ಜಿಲ್ಲೆಯ ಜಾಗದಲ್ಲಿ ಮುಂಬಯಿಗೆ ಒಂದಲ್ಲ, ಹಲವು ಸಾಲು ಕಾಣುತ್ತವೆ: ಸಿಟಿ ಸಿವಿಲ್ ಕೋರ್ಟ್, ಸ್ಮಾಲ್ ಕಾಸಸ್, ಅಪಘಾತ ಪರಿಹಾರ ನ್ಯಾಯಮಂಡಳಿ, ಸಿಎಂಎಂ (ಚೀಫ್ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್) ಕೋರ್ಟ್ಸ್. ಬ್ರೆತ್ ಅನಲೈಸರ್ ಕೇಸು ಇರುವುದು ಕೊನೆಯದರಲ್ಲಿ. ಹೆಚ್ಚಿನವರು ಸಿಟಿ ಸಿವಿಲ್ ಕೋರ್ಟ್ ಒತ್ತಿ, ಏನೂ ಸಿಗಲಿಲ್ಲ, ಹುಡುಗ ಚೊಕ್ಕ ಎಂದುಕೊಂಡುಬಿಡುತ್ತಾರೆ. ಸಿಎಂಎಂ ಒತ್ತಿದ ಮೇಲೆ ಅಂಧೇರಿ, ಬಾಂದ್ರಾ, ಬೋರಿವಲಿ, ಕುರ್ಲಾ, ಮುಲುಂಡ್, ಎಸ್ಪ್ಲನೇಡ್ ಮುಂತಾದ ಸಂಕೀರ್ಣಗಳಲ್ಲಿ ಒಂದನ್ನು ಆರಿಸಬೇಕು.

ಹುಡುಕುವ ದಾರಿಗಳಲ್ಲಿ ನಂಬಿಕೆಯದು ಸಿಎನ್‌ಆರ್ ಸಂಖ್ಯೆ. ಇದು ಪ್ರತಿ ಕೇಸಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆ, ಒಟ್ಟು 16 ಅಕ್ಷರ-ಅಂಕಿ: ಮೊದಲೆರಡು ಅಕ್ಷರ ರಾಜ್ಯ, ಮುಂದಿನೆರಡು ಜಿಲ್ಲೆ, ಎರಡಂಕಿ ಕೋರ್ಟು, ಆರಂಕಿ ಕ್ರಮಸಂಖ್ಯೆ, ಕೊನೆಯ ನಾಲ್ಕು ಇಸವಿ. ನಡುವೆ ಅಡ್ಡಗೆರೆ, ಜಾಗ ಬಿಡಬಾರದು. ಸೊನ್ನೆಯ ಬದಲು 'ಓ' ಅಕ್ಷರ ಒತ್ತುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು. ಆದರೆ ಪರರ ಕೇಸಿನ ಸಿಎನ್‌ಆರ್ ನಿಮಗೆ ಗೊತ್ತಿರುವುದಿಲ್ಲ, ಆದ್ದರಿಂದ ಹೆಸರಿನ ಹುಡುಕಾಟವೇ ಗತಿ. ಹೆಸರಿನ ಕನಿಷ್ಠ ಮೂರು ಅಕ್ಷರ, ಕೇಸು ದಾಖಲಾದ ಇಸವಿ, ಮತ್ತು 'ಬಾಕಿ', 'ಇತ್ಯರ್ಥ', 'ಎರಡೂ' ಎಂಬ ಮೂರರಲ್ಲಿ 'ಎರಡೂ'. ದಂಡ ಕಟ್ಟಿ ಮುಗಿಸಿದ ಕೇಸು 'ಬಾಕಿ' ಪಟ್ಟಿಯಲ್ಲಿ ಬರುವುದಿಲ್ಲ. ಡಿಸೆಂಬರ್ 31ರ ರಾತ್ರಿ ಸಿಕ್ಕವರ ಕೇಸು ಮರುವರ್ಷದ ಸಂಖ್ಯೆ ಪಡೆಯುವುದು ಸಹಜ, ಮುಂದಿನ ಇಸವಿಯನ್ನೂ ನೋಡಿ. ಅರ್ಜಿದಾರನ ಜಾಗದಲ್ಲಿ ಇರುವುದು ಮಹಾರಾಷ್ಟ್ರ ಸರಕಾರ. ಆ ಹೆಸರು ಹಾಕಿ ಹುಡುಕಿದರೆ ಇಡೀ ಕೋರ್ಟಿನ ಪಟ್ಟಿಯೇ ಮೈಮೇಲೆ ಬೀಳುತ್ತದೆ.

ನಮ್ಮವರ ಹೆಸರುಗಳದು ಇನ್ನೊಂದು ಫಜೀತಿ. ಮರಾಠಿ ಗುಮಾಸ್ತರು ಕೇಳಿದಂತೆ ಬರೆದುಕೊಂಡಿರುತ್ತಾರೆ. ಶೆಟ್ಟಿ ಎಂಬುದು ಇಂಗ್ಲಿಷಿನಲ್ಲಿ ಕೊನೆಗೆ ವೈ ಬಂದೋ ಐ ಬಂದೋ ಇರಬಹುದು, ಪೂಜಾರಿಯಲ್ಲಿ 'ಊ'ಕಾರಕ್ಕೆ ಎರಡು 'ಓ' ಅಥವಾ ಒಂದು 'ಯು', ಗೌಡದಲ್ಲಿ 'ಡಬ್ಲ್ಯು' ಅಥವಾ 'ಯು'. ಇಲ್ಲಿ ತಂದೆಯ ಹೆಸರು ನಡುವೆ ಬರುವುದು ವಾಡಿಕೆ, ಅಡ್ಡಹೆಸರು ಮೊದಲೂ ಬರಬಹುದು. ಪೂರ್ತಿ ಹೆಸರು ಹಾಕುವುದಕ್ಕಿಂತ ಬದಲಾಗದ ನಾಲ್ಕೈದು ಅಕ್ಷರ ಹಾಕುವುದು ವಾಸಿ.

ಸಿಕ್ಕಿತು ಎನ್ನಿ. ಆಗಲೂ ದುಡುಕಬೇಡಿ. ಪುಟದಲ್ಲಿ ಹೆಸರು, ಕಾಯ್ದೆ, ಕಲಂ, ತಾರೀಖುಗಳು ಇರುತ್ತವೆಯೇ ಹೊರತು ಫೋಟೊ, ಜನ್ಮದಿನಾಂಕ ಇರುವುದಿಲ್ಲ. ಮುಂಬಯಿಯಲ್ಲಿ ಅದೇ ಹೆಸರಿನ ಇನ್ನೊಬ್ಬ ಶೆಟ್ಟರು ಇಲ್ಲವೆಂದು ಯಾರು ಹೇಳಿಯಾರು? ತಂದೆಯ ಹೆಸರು, ಪೊಲೀಸ್ ಠಾಣೆ, ಇಸವಿ ಮೂರೂ ಹೊಂದಿದರೆ ಮಾತ್ರ ಮುಂದಿನ ಹೆಜ್ಜೆ ಇಡಿ. ಮೋಟಾರು ವಾಹನ ಕಾಯ್ದೆಯ ಕಲಂ 185 ಎಂದಿದ್ದರೆ ಕುಡಿದು ಓಡಿಸಿದ ಆರೋಪ. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ ದಾಟಿದ್ದು ಎಂದರ್ಥ. 184 ಅಪಾಯಕಾರಿ ಚಾಲನೆ, 181 ಲೈಸೆನ್ಸ್ ಇಲ್ಲದ್ದು. ಇತ್ಯರ್ಥ ಆಗಿದೆ ಎಂದಮಾತ್ರಕ್ಕೆ ಶಿಕ್ಷೆ ಆಗಿದೆ ಎಂದಲ್ಲ, ಖುಲಾಸೆಯೂ ಇತ್ಯರ್ಥವೇ. ತಾರೀಖಿನ ಮೇಲೆ ಒತ್ತಿದರೆ ಆ ದಿನದ ಕಲಾಪದ ದಾಖಲೆ, ಅಂದರೆ ರೋಜ್‌ನಾಮಾದ ಸಾರ ತೆರೆಯುತ್ತದೆ, ತಪ್ಪೊಪ್ಪಿಕೊಂಡನೇ, ದಂಡ ಎಷ್ಟು ಎಂಬುದನ್ನು ಅಲ್ಲಿ ಓದಿ. 2024ರ ಜುಲೈ 1ರಿಂದ ಬಂದ ಹೊಸ ಕಾರ್ಯವಿಧಾನ ಕಾಯ್ದೆಯಲ್ಲಿ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್ ಹುದ್ದೆಯೇ ಇಲ್ಲ. ಹಳೆಯ ಕಾಗದದಲ್ಲಿ ಆ ಹೆಸರು, ಹೊಸದರಲ್ಲಿ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್ ಎಂದಿದ್ದರೆ ಬೆರಗಾಗಬೇಡಿ.

ಇಷ್ಟೆಲ್ಲ ಮಾಡುವ ಮೊದಲು ಹುಡುಗನನ್ನೇ ನೇರ ಕೇಳಿದರೆ ಅರ್ಧ ಕೆಲಸ ಉಳಿದೀತು.

ಪ್ರಶ್ನೆ: 2021ರಲ್ಲಿ ಪುಣೆಯಲ್ಲಿ ನನ್ನ ಮೇಲೆಯೇ 185ರ ಕೇಸಾಗಿ ದಂಡ ಕಟ್ಟಿದ್ದೆ. ರಸೀದಿ ಕಳೆದುಹೋಗಿದೆ. ಈಗ ವಿದೇಶದ ಕೆಲಸಕ್ಕೆ ಕೋರ್ಟಿನ ಕಾಗದ ಬೇಕಂತೆ. ವೆಬ್‌ಸೈಟಿನ ಪುಟವನ್ನು ಪ್ರಿಂಟ್ ತೆಗೆದು ಕೊಟ್ಟರೆ ಸಾಲದೇ?
— ಓದುಗರು, ಪುಣೆ

ಉತ್ತರ: ಸಾಲದು. ಆ ಪುಟ ಮಾಹಿತಿಗಷ್ಟೇ. ನಿಮಗೆ ಬೇಕಾದದ್ದು ಕೋರ್ಟಿನ ಮೊಹರು ಬಿದ್ದ ದೃಢೀಕೃತ ನಕಲು. ಅದಕ್ಕೆ ಮೊದಲು ಕೇಸಿನ ಸಂಖ್ಯೆ ಹಿಡಿಯಿರಿ. ಪುಣೆಯಲ್ಲಿ ಎಸ್‌ಸಿಸಿ ಎಂದಿದ್ದರೆ ಸಂಕ್ಷಿಪ್ತ ವಿಚಾರಣೆಯ ಕೇಸು, ಆರ್‌ಸಿಸಿ ಎಂದರೆ ಪೂರ್ಣ ವಿಚಾರಣೆಯದು. ಬರೀ ದಂಡ ಕಟ್ಟಿ ಮುಗಿಸಿದವರು ಮೊದಲು ಎಸ್‌ಸಿಸಿಯಲ್ಲೇ ನೋಡಬೇಕು. ಸಿಕ್ಕಿಬಿದ್ದದ್ದು ಪಿಂಪ್ರಿ-ಚಿಂಚವಾಡದ ಕಡೆ ಆಗಿದ್ದರೆ ಶಿವಾಜಿನಗರಕ್ಕೆ ಅಲೆಯುವ ಮೊದಲು ಪಿಂಪ್ರಿ ಕೋರ್ಟಿನ ಪಟ್ಟಿ ನೋಡಿ. ಅಲ್ಲಿಯ ಪೊಲೀಸ್ ಆಯುಕ್ತಾಲಯ 2018ರಿಂದ ಬೇರೆಯೇ.

ಅರ್ಜಿ ಕೊಡುವುದು ಅದೇ ಕೋರ್ಟಿನ ನಕಲು ವಿಭಾಗದಲ್ಲಿ. ಕೇಸಿನ ಸಂಖ್ಯೆ, ಇಸವಿ, ಎರಡೂ ಪಕ್ಷದ ಹೆಸರು, ತೀರ್ಪಿನ ತಾರೀಖು, ಯಾವ ಯಾವ ಕಾಗದ ಎಂಬುದನ್ನು ಬಿಡಿಸಿ ಬರೆಯಿರಿ. 'ಎಲ್ಲ ಕಾಗದ' ಎಂದು ಬರೆದ ಅರ್ಜಿ ತಿರುಗಿ ಬರುತ್ತದೆ. ನಿಮಗೆ ಬೇಕಾದದ್ದು ಮೂರು: ತೀರ್ಪು ಅಥವಾ ಅಂತಿಮ ಆದೇಶ, ಆ ದಿನದ ರೋಜ್‌ನಾಮಾ, ದಂಡ ಪಾವತಿಯ ನಮೂದು. ಕೋರ್ಟ್ ಫೀ ಸ್ಟಾಂಪು ಅಂಟಿಸಿ, ಪುಟದ ಲೆಕ್ಕದ ಶುಲ್ಕ ಕಟ್ಟಿ. ಗುರುತಿನ ಚೀಟಿ ಜೊತೆಗಿರಲಿ. ಮುಗಿದ ಕೇಸಿನ ಕಡತ ದಾಖಲೆ ಕೊಠಡಿಗೆ ಹೋಗಿರುವುದರಿಂದ ಅದು ಬರುವವರೆಗೆ ಕಾಯಬೇಕು. ಸಣ್ಣ ಕೇಸಿನ ಕಡತಗಳನ್ನು ಗೊತ್ತಾದ ಅವಧಿ ಮುಗಿದ ಮೇಲೆ ನಾಶ ಮಾಡುವ ನಿಯಮವಿದೆ, ಆದ್ದರಿಂದ ಇದನ್ನು ಮುಂದೂಡಬೇಡಿ. ತೀರ್ಪು ಮರಾಠಿಯಲ್ಲಿದ್ದರೆ ಅಧಿಕೃತ ಅನುವಾದದ ಖರ್ಚು ಬೇರೆ.

ಹಳೆಯದಾಯಿತಲ್ಲ ಎಂದು ಮರೆಯುವ ಹಾಗೂ ಇಲ್ಲ. 2019ರ ಸೆಪ್ಟೆಂಬರ್ 1ರಿಂದ ಮೊದಲ ಸಲಕ್ಕೆ 6 ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ; ಎರಡನೆಯ ಸಲಕ್ಕೆ 2 ವರ್ಷದವರೆಗೆ, 15,000. ಅದಕ್ಕೆ ಮುಂಚೆ 'ಮೂರು ವರ್ಷದೊಳಗೆ ಮತ್ತೆ ಮಾಡಿದರೆ' ಎಂಬ ಷರತ್ತು ಇತ್ತು. ತಿದ್ದುಪಡಿಯಲ್ಲಿ ಅದನ್ನು ಕಿತ್ತುಹಾಕಿದ್ದಾರೆ.

ಪ್ರಶ್ನೆ: ತಮ್ಮ ಕಾರವಾರದ ಟ್ಯಾಕ್ಸಿ ಡ್ರೈವರ್. ಗೋವಾದ ಕಾಣಕೋಣದಲ್ಲಿ ಪೊಲೀಸರು ಊದಿಸಿ ಲೈಸೆನ್ಸ್ ಇಟ್ಟುಕೊಂಡರು. ಆನ್‌ಲೈನಿನಲ್ಲಿ ದಂಡ ಕಟ್ಟಲು ನೋಡಿದರೆ ಆಗುತ್ತಿಲ್ಲ. ಉತ್ತರ ಕನ್ನಡದ ಕೋರ್ಟಿನ ಪಟ್ಟಿಯಲ್ಲೂ ಹೆಸರಿಲ್ಲ.
— ಓದುಗರು, ಮಡಗಾಂವ್

ಉತ್ತರ: ಎರಡೂ ಆಗುವಂಥದ್ದಲ್ಲ. ಹೆಲ್ಮೆಟ್ ಇಲ್ಲದ್ದರಂಥ ದಂಡಗಳನ್ನು ಸ್ಥಳದಲ್ಲೋ ಇ-ಚಲನ್‌ನಲ್ಲೋ ಕಟ್ಟಿ ಮುಗಿಸಬಹುದು, ಏಕೆಂದರೆ ಅವು ರಾಜಿಯೋಗ್ಯ ಅಪರಾಧಗಳು. ಮೋಟಾರು ವಾಹನ ಕಾಯ್ದೆಯ ಕಲಂ 200ರ ಆ ಪಟ್ಟಿಯಲ್ಲಿ 185 ಇಲ್ಲ. ಕೋರ್ಟಿಗೆ ಹಾಜರಾಗಿಯೇ ತೀರಬೇಕು. ಅಲ್ಲೇ ಮುಗಿಸಿಕೊಡುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಅದು ದಂಡವಲ್ಲ.

ಇಕೋರ್ಟ್ಸ್‌ನಲ್ಲಿ ರಾಜ್ಯ ಗೋವಾ, ಜಿಲ್ಲೆ ದಕ್ಷಿಣ ಗೋವಾ, ನಂತರ ಕಾಣಕೋಣದ ಕೋರ್ಟು. ಹಿಡಿದ ಮರುದಿನವೇ ಕೇಸು ಕಾಣದು. ಪೊಲೀಸರು ಕಾಗದ ಸಲ್ಲಿಸಿ, ಕೋರ್ಟು ನೋಂದಾಯಿಸಿಕೊಂಡ ಮೇಲೆ ಬರುತ್ತದೆ. ಅಲ್ಲಿಯವರೆಗೆ ಪೊಲೀಸರು ಕೊಟ್ಟ ಚೀಟಿಯೇ ಆಧಾರ. ಅದರಲ್ಲಿ ಹಾಜರಾಗುವ ತಾರೀಖಿದ್ದರೆ ವೆಬ್‌ಸೈಟು ಏನು ಹೇಳಿದರೂ ಹೋಗಲೇಬೇಕು. ಲೈಸೆನ್ಸ್‌ನದು ಬೇರೆ ದಾರಿ: 185ರಲ್ಲಿ ವಶಪಡಿಸಿಕೊಂಡದ್ದನ್ನು ಪೊಲೀಸರು ಅಮಾನತಿನ ಕ್ರಮಕ್ಕಾಗಿ ಲೈಸೆನ್ಸಿಂಗ್ ಪ್ರಾಧಿಕಾರಕ್ಕೆ ಕಳಿಸುತ್ತಾರೆ. ಕೋರ್ಟಿನಲ್ಲಿ ದಂಡ ಕಟ್ಟಿದೊಡನೆ ಅದು ತಾನಾಗಿ ಕೈಗೆ ಬರುವುದಿಲ್ಲ. ಸಾರಥಿ ಜಾಲತಾಣದಲ್ಲಿ ಲೈಸೆನ್ಸ್ ಸಂಖ್ಯೆ, ಜನ್ಮದಿನಾಂಕ ಹಾಕಿ ಸ್ಥಿತಿ ನೋಡುತ್ತಿರಿ.

ಪ್ರಶ್ನೆ: ಕುಡಿದ ಚಾಲಕನೊಬ್ಬ ನಮ್ಮ ಮಾವನವರಿಗೆ ಗುದ್ದಿದ್ದಾನೆ. ಭಾಂಡುಪ್ ಕಡೆಯ ಕೇಸು. 185 ಎಂದು ಹಾಕಿ ಹುಡುಕಿದರೆ ಏನೂ ಬರುವುದಿಲ್ಲ. ಮುಚ್ಚಿಹಾಕಿದ್ದಾರೆಯೇ?
— ಓದುಗರು, ಮುಲುಂಡ್

ಉತ್ತರ: ಇರಲಿಕ್ಕಿಲ್ಲ. ಯಾರಿಗಾದರೂ ಪೆಟ್ಟಾದ ಕೂಡಲೇ ಕೇಸಿನ ತಲೆಬರಹ ಬದಲಾಗುತ್ತದೆ. ಎಫ್‌ಐಆರ್ ಆಗುತ್ತದೆ, ಮುಖ್ಯ ಕಲಂ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125, ಸಾವಾಗಿದ್ದರೆ 106. (2024ರ ಜುಲೈಗೆ ಮುಂಚಿನದಾದರೆ ದಂಡ ಸಂಹಿತೆಯ 279, 337, 338, 304ಎ.) 185 ಬಾಲದಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. 2006ರ ನವೆಂಬರ್ 12ರಂದು ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು 7 ಜನ ಸತ್ತ ಪ್ರಕರಣ ನೆನಪಿರಬಹುದು. ಚಾಲಕನ ರಕ್ತದಲ್ಲಿ ಮದ್ಯಸಾರ ಸಿಕ್ಕಿತ್ತು, ಆದರೂ ಕೇಸು ನಡೆದದ್ದು ದಂಡ ಸಂಹಿತೆಯ 304 ಮತ್ತು 338ರಡಿ. ವಿಚಾರಣಾ ಕೋರ್ಟು ಕೊಟ್ಟ 6 ತಿಂಗಳನ್ನು ಹೈಕೋರ್ಟು 3 ವರ್ಷಕ್ಕೆ ಏರಿಸಿತು, 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಕೆಳಗಿನ ಕೋರ್ಟಿನ ಪುಟವಷ್ಟೇ ನೋಡಿದವರು 6 ತಿಂಗಳು ಎಂದೇ ತಿಳಿಯುತ್ತಿದ್ದರು.

ನೀವು ಎಫ್‌ಐಆರ್ ಸಂಖ್ಯೆಯಿಂದ ಹುಡುಕಿ: ಪೊಲೀಸ್ ಠಾಣೆ, ಸಂಖ್ಯೆ, ಇಸವಿ. ಸಂಖ್ಯೆ ಗೊತ್ತಿಲ್ಲದಿದ್ದರೆ ಮಹಾರಾಷ್ಟ್ರ ಪೊಲೀಸರ ನಾಗರಿಕ ಜಾಲತಾಣದ 'ಪ್ರಕಟಿತ ಎಫ್‌ಐಆರ್' ವಿಭಾಗದಲ್ಲಿ ಠಾಣೆ, ತಾರೀಖು ಹಾಕಿ ನೋಡಿ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟು 2016ರಲ್ಲೇ ಹೇಳಿದೆ. ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ ವಕೀಲರ ಮೂಲಕ ಅದರ ನಕಲಿಗೆ ಅರ್ಜಿ ಹಾಕಿ. ಬ್ರೆತ್ ಅನಲೈಸರ್ ಚೀಟಿ, ಆಸ್ಪತ್ರೆಯ ಪರೀಕ್ಷೆಯ ವರದಿ, ರಕ್ತದ ಪ್ರಯೋಗಾಲಯ ವರದಿ ಮೂರನ್ನೂ ಹೆಸರಿಸಿ ಕೇಳಿ. ಪರಿಹಾರದ ಅರ್ಜಿಗೆ ಇವೇ ಬೆನ್ನೆಲುಬು. 185ರಡಿ ಶಿಕ್ಷೆ ಆಗದಿದ್ದರೂ, ಊದಿಸದೇ ಇದ್ದರೂ, ಚಾಲಕ ಅಮಲಿನಲ್ಲಿದ್ದ ಎಂಬುದನ್ನು ವಿಮೆಯ ತಕರಾರಿನಲ್ಲಿ ಬೇರೆ ಸಾಕ್ಷ್ಯದಿಂದ ತೋರಿಸಬಹುದೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ಆದ್ದರಿಂದ ಆಸ್ಪತ್ರೆಯ ಮೊದಲ ಚೀಟಿಯಲ್ಲಿ ವೈದ್ಯರು ಬರೆದ 'ಬಾಯಲ್ಲಿ ಮದ್ಯದ ವಾಸನೆ' ಎಂಬ ಒಂದು ಸಾಲನ್ನೂ ಬಿಡಬೇಡಿ.

ಪ್ರಶ್ನೆ: ಪರರ ಕೇಸಿನ ತೀರ್ಪಿನ ನಕಲನ್ನು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಗೆ ಪಡೆಯಬಹುದಲ್ಲವೇ? ಚಾಲಕ ಅಪ್ರಾಪ್ತನಾಗಿದ್ದರೆ?
— ಓದುಗರು, ವಾಸ್ಕೋ

ಉತ್ತರ: ಇಲ್ಲ. ಕೋರ್ಟಿನ ಕಡತದ ನಕಲನ್ನು ಆಯಾ ಕೋರ್ಟಿನ ನಿಯಮದ ಪ್ರಕಾರವೇ ಕೇಳಬೇಕೆಂದು ಸುಪ್ರೀಂ ಕೋರ್ಟು 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ತೀರ್ಮಾನಿಸಿದೆ. ಕೇಸಿನ ಪಕ್ಷಗಾರರಲ್ಲದವರು ಏಕೆ ಬೇಕೆಂಬ ಕಾರಣ ಬರೆದು ಅರ್ಜಿ ಹಾಕಬೇಕು. 'ತಿಳಿಯುವ ಕುತೂಹಲ' ಎಂದು ಬರೆದರೆ ಒಪ್ಪಲಿಕ್ಕಿಲ್ಲ.

18 ತುಂಬದವರ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅವರ ಗುರುತು ಹೊರಹಾಕುವುದು ಬಾಲನ್ಯಾಯ ಕಾಯ್ದೆಯ ಕಲಂ 74ರಡಿ ಅಪರಾಧ, ಹೆಸರು ಹಾಕಿ ಹುಡುಕುವ ಮಾತೇ ಇಲ್ಲ. ಆದರೆ ಗಾಡಿ ಕೊಟ್ಟ ಪಾಲಕರ ಅಥವಾ ಮಾಲೀಕರ ಮೇಲೆ ಮೋಟಾರು ವಾಹನ ಕಾಯ್ದೆಯ 199ಎ ಅಡಿ ಕೇಸಾಗಿದ್ದರೆ, ಅದು ಉಳಿದ ಕೇಸುಗಳಂತೆಯೇ ಪಟ್ಟಿಯಲ್ಲಿ ಕಾಣುತ್ತದೆ.