ಓದುಗರ ಪ್ರಶ್ನೆ: ಲ್ಯಾಬಿನ ಕೊರತೆಯನ್ನು ನಾನೇ ತುಂಬಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಅತಿಥಿ ಉಪನ್ಯಾಸಕಿ ನಾನು. ಒಂದು ಬ್ಯಾಚಿಗೆ 36 ಮಕ್ಕಳು. ಸೋರದ ಬ್ಯೂರೆಟ್ (ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ) ಇರುವುದು 12. ಡಿಸ್ಟಿಲ್ಡ್ ವಾಟರ್, ಫಿಲ್ಟರ್ ಪೇಪರ್ ಎಷ್ಟೋ ಸಲ ನನ್ನ ದುಡ್ಡಲ್ಲೇ ತರುತ್ತೇನೆ. ಗೌರವಧನ ತಿಂಗಳುಗಟ್ಟಲೆ ತಡ. ಮನೆಯಲ್ಲಿ ಬೈಯುತ್ತಾರೆ. ತರದಿದ್ದರೆ ಪ್ರಾಕ್ಟಿಕಲ್ ನಿಲ್ಲುತ್ತದೆ. ಏನು ಮಾಡಲಿ?
– ಹೆಸರು ಬೇಡ ಎಂದ ಓದುಗರು

ಉತ್ತರ: ನಾನೂ ಸರ್ಕಾರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲೇ ತಲೆಗೂದಲು ಹಣ್ಣು ಮಾಡಿಕೊಂಡವಳು. ಅದಕ್ಕೇ ನೇರವಾಗಿ ಹೇಳುತ್ತೇನೆ. ಇನ್ನು ಮುಂದೆ ಕೈಯಿಂದ ಹಾಕಬೇಡಿ.

ನೀವು ತಂದ ಕ್ಯಾನು ಯಾವ ಲೆಕ್ಕಕ್ಕೂ ಬರುವುದಿಲ್ಲ. ಸ್ಟಾಕ್ ರಿಜಿಸ್ಟರ್ ನೋಡಿದವರಿಗೆ ಈ ಲ್ಯಾಬಿನಲ್ಲಿ ಏನೂ ಕಡಿಮೆಯಾಗಿಲ್ಲ ಅಂತಲೇ ಕಾಣುತ್ತದೆ. ‘ಹೋದ ವರ್ಷ ಕೇಳಲಿಲ್ಲ, ಪ್ರಾಕ್ಟಿಕಲ್ಲೂ ನಡೆಯಿತು, ಈ ವರ್ಷ ಯಾಕೆ?’ ಅಂತ ಆಫೀಸಿನಲ್ಲಿ ಕೇಳಿದರೆ ಏನು ಹೇಳುತ್ತೀರಿ? ನಿಮ್ಮ ಒಳ್ಳೆಯತನವೇ ಕೊರತೆಯನ್ನು ಮುಚ್ಚಿಹಾಕುತ್ತಿದೆ. ಅದರ ನಷ್ಟ ಮುಂದಿನ ಬ್ಯಾಚಿನ ಮಕ್ಕಳಿಗೆ.

ಸೆಮಿಸ್ಟರ್ ಶುರುವಿನಲ್ಲೇ ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಬೇಡಿಕೆ ಪತ್ರ, ಬರೆಯಿರಿ. ‘ಬ್ಯೂರೆಟ್ ಸಾಲದು’ ಅಂದರೆ ಯಾರೂ ಓದುವುದಿಲ್ಲ. ‘36 ವಿದ್ಯಾರ್ಥಿಗಳಿಗೆ 12 ಇವೆ, ಇನ್ನೂ 24 ಬೇಕು’ ಅಂತ ಬರೆಯಿರಿ. ಆಫೀಸಿನಲ್ಲಿ ಇನ್‌ವರ್ಡ್ ನಂಬರ್ ಹಾಕಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಕಾಲೇಜು ಅಭಿವೃದ್ಧಿ ಸಮಿತಿಯ ಮುಂದೆ ಇಡಿ ಅಂತ ಪ್ರಿನ್ಸಿಪಾಲರನ್ನು ಕೇಳಿ. ಅಲ್ಲಿ ಸಾಮಾನ್ಯವಾಗಿ ಊರಿನ ಶಾಸಕರೇ ಅಧ್ಯಕ್ಷರು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವಾಗ ಗೋಡೆಗೆ ಬಣ್ಣ ಬಳಿಯುತ್ತಾರಲ್ಲ, ಆಗಲೂ ಈ ಫೈಲು ಮೇಜಿನ ಮೇಲೆ ಇರಲಿ.

ಮುಂದಿನ ವರ್ಷ ಕರೆಯುತ್ತಾರೋ ಇಲ್ವೋ ಅಂತ ನಿಮಗೆ ಹೆದರಿಕೆ ಇರುತ್ತದೆ. ಅದು ಸುಳ್ಳು ಹೆದರಿಕೆಯಲ್ಲ. ಹಾಗಾಗಿ ಒಬ್ಬರೇ ಸಹಿ ಹಾಕಬೇಡಿ. ಕಾಯಂ ಇರುವವರ ಸಹಿ ಮೇಲಿರಲಿ. ಅವರು ಅಷ್ಟನ್ನು ಮಾಡಲೇಬೇಕು.

ಇರುವ 12ರಲ್ಲಿ ಪಾಠ ನಡೆಸುವಾಗ ಒಂದು ವಿಷಯ ಗಮನಿಸಿ. ಒಂದು ಬ್ಯೂರೆಟ್ಟಿಗೆ ಮೂವರು ನಿಂತರೆ ಒಬ್ಬರು ಸ್ಟಾಪ್‌ಕಾಕ್ ತಿರುಗಿಸುತ್ತಾರೆ, ಒಬ್ಬರು ಫ್ಲಾಸ್ಕ್ ಅಲುಗಿಸುತ್ತಾರೆ, ಇನ್ನೊಬ್ಬರು ರೀಡಿಂಗ್ ಬರೆಯುತ್ತಾರೆ. ಬರೆಯುವವರು ಸೆಮಿಸ್ಟರ್ ಪೂರ್ತಿ ಬರೆಯುತ್ತಲೇ ಇರುತ್ತಾರೆ, ಜಾಸ್ತಿ ಅದು ಹಿಂದೆ ನಿಂತ ಹುಡುಗಿ. ಪರೀಕ್ಷೆಯ ದಿನ ಒಬ್ಬಳೇ ಟೈಟ್ರೇಷನ್ ಮಾಡಬೇಕಾದಾಗ ಕೈ ನಡುಗುತ್ತದೆ. ಒಂದು ಹನಿ ಜಾಸ್ತಿ ಬಿದ್ದು ದ್ರಾವಣದ ತಿಳಿ ಗುಲಾಬಿ ಬಣ್ಣ ಕಡುವಾಗುತ್ತದೆ, ಅಳು ಬರುತ್ತದೆ. ಪ್ರತಿ ರೀಡಿಂಗಿಗೂ ಜಾಗ ಬದಲಾಯಿಸಿ. ಬ್ಯೂರೆಟ್ ಯಾಕೆ ಕಮ್ಮಿ ಅಂತ ಮಕ್ಕಳಿಗೂ ಬಿಡಿಸಿ ಹೇಳಿ. ಇಲ್ಲದಿದ್ದರೆ ನಿಮಗೇ ಪಾಠ ಮಾಡಲು ಬರುವುದಿಲ್ಲ ಅಂದುಕೊಳ್ಳುತ್ತಾರೆ.

ಗೌರವಧನದ ವಿಷಯ. 2022ರ ಜನವರಿಯಲ್ಲಿ ಸರ್ಕಾರ ಅದನ್ನು ತಿಂಗಳಿಗೆ ಗರಿಷ್ಠ 32,000 ರೂಪಾಯಿಗೆ ಏರಿಸಿತು. ಜೊತೆಗೇ ವಾರಕ್ಕೆ 15 ಗಂಟೆ ಪಾಠ ಅಂತ ಮಾಡಿತು. ಒಬ್ಬರ ಗಂಟೆ ಹೆಚ್ಚಿದ್ದರಿಂದ ಅಷ್ಟೇ ಪಾಠಕ್ಕೆ ಕಡಿಮೆ ಜನ ಸಾಕಾದರು, ಎಷ್ಟೋ ಜನ ಕೆಲಸ ಕಳೆದುಕೊಂಡರು. 2019ರಲ್ಲೇ ಯುಜಿಸಿ ಅತಿಥಿ ಉಪನ್ಯಾಸಕರಿಗೆ ತರಗತಿಗೆ 1,500, ತಿಂಗಳಿಗೆ ಗರಿಷ್ಠ 50,000 ಅಂದಿತ್ತು. 2024ರ ಜನವರಿಯಲ್ಲಿ ನಿಮ್ಮವರು ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟದ್ದು ಸುಮ್ನೆ ಅಲ್ಲ. ದುಡಿದ ದುಡ್ಡು ಕೇಳಲು ಸಂಕೋಚ ಬೇಡ. ಒಬ್ಬರೇ ಆಫೀಸಿನ ಬಾಗಿಲಲ್ಲಿ ನಿಲ್ಲಬೇಡಿ, ಸಂಘದ ಜೊತೆ ಹೋಗಿ.

ಪ್ರಶ್ನೆ: ಹೊಸದಾಗಿ ಶುರುವಾದ ವಿವಿಯಲ್ಲಿ ಇತಿಹಾಸ ಎಂ.ಎ. ಮೊದಲ ವರ್ಷ. ಮುಚ್ಚುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಲೈಬ್ರರಿಯಲ್ಲಿ ಪುಸ್ತಕವೂ ಇಲ್ಲ. ಬಿಟ್ಟು ಹೋಗಲಾ ಮೇಡಂ?
– ಒಬ್ಬ ವಿದ್ಯಾರ್ಥಿ

ಉತ್ತರ: ಬಿಡಬೇಡಪ್ಪ. 2023ರ ಸುಮಾರಿಗೆ ಶುರುವಾದ ಹೊಸ ವಿವಿಗಳಿಗೆ ಹಣ, ಜಾಗ, ಕಾಯಂ ಅಧ್ಯಾಪಕರು ಯಾವುದೂ ಸರಿಯಾಗಿ ಸಿಗಲಿಲ್ಲ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ವಿವಿಗಳನ್ನು ಮುಚ್ಚುವ ಮಾತಾಡಿತು. ನಿಮ್ಮ ಭಯ ಅಲ್ಲಿಂದ ಬಂದದ್ದು. ಹಳೆಯ ವಿವಿಗೆ ಸೇರಿಸಿದರೂ ಓದುತ್ತಿರುವವರ ಪದವಿ ನೀರುಪಾಲಾಗುವುದಿಲ್ಲ. ಈಗ ಬಿಟ್ಟರೆ ಮಾತ್ರ ಒಂದು ವರ್ಷ ಹೋಗುವುದು ಖಂಡಿತ.

ಪುಸ್ತಕಕ್ಕೆ ದಾರಿ ಇದೆ. 2025ರ ಜನವರಿಯಿಂದ ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯ ಅಡಿಯಲ್ಲಿ ಸರ್ಕಾರಿ ವಿವಿಗಳಿಗೆ ಸಾವಿರಾರು ಜರ್ನಲ್‌ಗಳು ಪುಕ್ಕಟೆ. ನಿಮ್ಮ ವಿವಿ ನೋಂದಾಯಿಸಿದೆಯಾ ಅಂತ ಲೈಬ್ರರಿಯನ್‌ರನ್ನು ಕೇಳು. ಇಲ್ಲ ಅಂದರೆ ತರಗತಿಯವರೆಲ್ಲ ಸಹಿ ಹಾಕಿ ಕುಲಸಚಿವರಿಗೆ ಅರ್ಜಿ ಕೊಡಿ. ಶೋಧಗಂಗಾ ಜಾಲತಾಣದಲ್ಲಿ ಪಿಎಚ್.ಡಿ. ಪ್ರಬಂಧಗಳು ಸಿಗುತ್ತವೆ. ಇತಿಹಾಸದವರಿಗೆ ಬೇಕೇ ಬೇಕಾದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಮೊಬೈಲಿಗೇ ಇಳಿಸಿಕೊಳ್ಳಬಹುದು. ಅದರಲ್ಲಿ ನಿನ್ನ ತಾಲ್ಲೂಕಿನ ಶಾಸನಗಳನ್ನು ಹುಡುಕು. ಒಂದನ್ನು ಆರಿಸಿಕೊಂಡು, ಆ ಕಲ್ಲು ಈಗ ಎಲ್ಲಿದೆ, ಹೇಗಿದೆ ಅಂತ ಹೋಗಿ ನೋಡು. ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಅಷ್ಟು ಸಾಕು.