ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಈಗ 15 ಸ್ಕಾಲರ್‌ಶಿಪ್ ಅಂತೆ. ಮಗನನ್ನು ವಾಕ್-ಆನ್ ಆಗಿ ಸೇರಿಸಿದರೆ ಆಮೇಲೆ ಸಿಗುತ್ತಾ?

ನಿಮ್ಮ ಮಗ ಮೈಸೂರಿನಲ್ಲಿ 10ನೇ ಕ್ಲಾಸು, ಎತ್ತರ 6 ಅಡಿ 3 ಇಂಚು, ರಾಜ್ಯ ಮಟ್ಟದಲ್ಲಿ ಆಡಿದ್ದಾನೆ ಅಂತ ಬರೆದಿದ್ದೀರಿ. ಗಂಡುಮಕ್ಕಳ ಟೀಮಿಗೆ ಸ್ಕಾಲರ್‌ಶಿಪ್ 13ರಿಂದ 15ಕ್ಕೆ ಏರಿದೆಯಂತೆ, ಹಾಗಾದರೆ ಸುಲಭವಾಯ್ತಾ, ಮೊದಲ ವರ್ಷ ನಮ್ಮ ದುಡ್ಡಲ್ಲೇ ವಾಕ್-ಆನ್ ಆಗಿ, ಅಂದರೆ ಸ್ಕಾಲರ್‌ಶಿಪ್ ಇಲ್ಲದ ಆಟಗಾರನಾಗಿ, ಸೇರಿಸಿ ಆಮೇಲೆ ಸ್ಕಾಲರ್‌ಶಿಪ್ ಪಡೆಯಬಹುದಾ ಅಂತ ಕೇಳಿದ್ದೀರಿ.

ನಾನು ಇಂಡಿಯಾನಾದಲ್ಲಿದ್ದೇನೆ. ನನ್ನ ಮಗ ಇಲ್ಲಿನ ಒಂದು ಕಾಲೇಜು ಟೀಮಿನಲ್ಲಿ ಎರಡು ವರ್ಷ ವಾಕ್-ಆನ್ ಆಗಿದ್ದ. ಹಾಗಾಗಿ ನೇರವಾಗಿ ಹೇಳುತ್ತೇನೆ. ವಾಕ್-ಆನ್ ದಾರಿಯನ್ನು ನಂಬಿ ಸಾಲ ಮಾಡಬೇಡಿ. ಆ 15 ನಿಮಗೆ ಯಾರೋ ಹೇಳಿದ 15 ಅಲ್ಲ.

ಮೊದಲು ಹೇಗಿತ್ತು ಅಂದರೆ, ಇಲ್ಲಿನ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ಎಲ್ಲಕ್ಕಿಂತ ಮೇಲಿನ ಹಂತವಾದ ಡಿವಿಷನ್ 1ರಲ್ಲಿ ಗಂಡುಮಕ್ಕಳ ಟೀಮಿಗೆ 13 ಸ್ಕಾಲರ್‌ಶಿಪ್, ಹೆಣ್ಣುಮಕ್ಕಳ ಟೀಮಿಗೆ 15. ಅದು ತಲೆ ಲೆಕ್ಕ. ಒಬ್ಬ ಹುಡುಗನಿಗೆ ಆಟದ ಹೆಸರಲ್ಲಿ ಅರ್ಧ ಫೀಸು ಕೊಟ್ಟರೂ ಅವನು ಒಂದು ಪೂರ್ತಿ ತಲೆ. ಆದರೆ ಟೀಮಿನಲ್ಲಿ ಒಟ್ಟು ಎಷ್ಟು ಜನ ಇರಬೇಕು ಅನ್ನೋದಕ್ಕೆ ಮಿತಿ ಇರಲಿಲ್ಲ. 13 ಜನ ಸ್ಕಾಲರ್‌ಶಿಪ್ ಮೇಲೆ, ಜೊತೆಗೆ ಮೂರೋ ನಾಲ್ಕೋ ಐದೋ ಜನ ತಮ್ಮ ದುಡ್ಡಲ್ಲಿ ಓದುತ್ತಾ ಪ್ರಾಕ್ಟೀಸಿಗೆ ಬರುತ್ತಿದ್ದರು. ಅವರೇ ವಾಕ್-ಆನ್‌ಗಳು. ಯಾವುದಾದರೂ ವರ್ಷ ಒಂದು ಸ್ಕಾಲರ್‌ಶಿಪ್ ಉಳಿದರೆ, ಕೋಚ್ ಅದನ್ನು ಚೆನ್ನಾಗಿ ದುಡಿದ ವಾಕ್-ಆನ್ ಹುಡುಗನಿಗೆ ಟೀಮಿನ ಎದುರೇ ಕೊಡುತ್ತಿದ್ದರು. ಹುಡುಗ ಅಳೋದು, ಉಳಿದವರು ಮೇಲೆ ಬಿದ್ದು ತಬ್ಬಿಕೊಳ್ಳೋದು, ಅಂಥ ವಿಡಿಯೋಗಳನ್ನು ನೀವೂ ನೋಡಿರಬಹುದು. ನಾವೂ ಅದನ್ನೇ ನೋಡಿ ಆಸೆ ಇಟ್ಟುಕೊಂಡಿದ್ದೆವು.

2025ರ ಜೂನ್ 6ರಂದು ಅದೆಲ್ಲ ಬದಲಾಯಿತು. ಗ್ರಾಂಟ್ ಹೌಸ್ ಅನ್ನುವ ಈಜುಗಾರನ ಹೆಸರಲ್ಲಿ ಎನ್‌ಸಿಎಎ ವಿರುದ್ಧ ನಡೆದ ದೊಡ್ಡ ಕೇಸಿನ ರಾಜಿ ಒಪ್ಪಂದಕ್ಕೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವತ್ತು ಒಪ್ಪಿಗೆ ಕೊಟ್ಟರು. ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು ಅಂತಾಯಿತು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ, ಎಲ್ಲ ಆಟಗಳೂ ಸೇರಿ. ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಲೆಕ್ಕ ಹೋಗಿ ಅದರ ಜಾಗಕ್ಕೆ ರೋಸ್ಟರ್ ಮಿತಿ ಬಂತು. ಬ್ಯಾಸ್ಕೆಟ್‌ಬಾಲ್‌ಗೆ ಗಂಡುಮಕ್ಕಳಿಗೂ 15, ಹೆಣ್ಣುಮಕ್ಕಳಿಗೂ 15.

ಅಂದರೆ 15 ಅನ್ನೋದು ಟೀಮಿನಲ್ಲಿರುವ ಒಟ್ಟು ತಲೆಗಳು. ವಾಕ್-ಆನ್ ಕೂಡ ಅದರೊಳಗೇ ಬರಬೇಕು. ಆ 15 ಜನಕ್ಕೂ ಕಾಲೇಜು ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು, ಆದರೆ ಕೊಡಲೇಬೇಕು ಅಂತಿಲ್ಲ. ಈಗ ಅರ್ಧ, ಕಾಲು ಅಂತ ಹಂಚಲೂ ಬಹುದು. ಹೊಸದಾಗಿ ಸೇರಿಸಿದ ಸ್ಕಾಲರ್‌ಶಿಪ್ಪಿನ ಖರ್ಚು ಆ ದುಡ್ಡಿನ ಮಿತಿಯಲ್ಲೇ ಒಂದು ಹಂತದವರೆಗೆ ಎಣಿಕೆಯಾಗುತ್ತದೆ. ಹಾಗಾಗಿ ಎಷ್ಟೋ ಕಡೆ 14ನೆಯವನಿಗೆ, 15ನೆಯವನಿಗೆ ಕೊಡೋಕೆ ಹಿಂದೆಮುಂದೆ ನೋಡುತ್ತಾರೆ. ಹೆಣ್ಣುಮಕ್ಕಳಿಗಂತೂ ಸಂಖ್ಯೆಯಲ್ಲಿ ಏನೂ ಹೆಚ್ಚಲಿಲ್ಲ, ಹೊರಗಿದ್ದ ಪ್ರಾಕ್ಟೀಸ್ ಜಾಗ ಮಾತ್ರ ಹೋಯಿತು.

ಗಂಡುಮಕ್ಕಳ ಟೀಮಿನಲ್ಲಿ ಅಂಥದ್ದೇ ಜಾಗದಲ್ಲಿ ನನ್ನ ಮಗ ಇದ್ದ. ಅವನ ಕೆಲಸ ಸ್ಕೌಟ್ ಟೀಮಿನಲ್ಲಿ. ಶನಿವಾರ ಎದುರಾಗುವ ಟೀಮಿನ ಪಾಯಿಂಟ್ ಗಾರ್ಡ್ ಹೇಗೆ ಆಡುತ್ತಾನೋ ಗುರುವಾರದ ಪ್ರಾಕ್ಟೀಸಿನಲ್ಲಿ ಇವನು ಹಾಗೇ ಆಡಿ ತೋರಿಸಬೇಕು. ಬುಧವಾರ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ಒಂದೇ ಪ್ಲೇಯನ್ನು ಹಿಂದೆ ಮುಂದೆ ಮಾಡಿ ನೋಡುತ್ತಿದ್ದ. ಎದುರಾಳಿ ಎಡಗೈಗೆ ಚೆಂಡು ಬದಲಿಸುವ ಮೊದಲು ಭುಜ ಇಳಿಸುತ್ತಾನೆ ಅಂತ ಅಡುಗೆಮನೆಯಲ್ಲಿ ನನಗೇ ಮಾಡಿ ತೋರಿಸಿದ್ದ. ಎರಡನೇ ಸೀಸನ್ ಪೂರ್ತಿ ಅವನು ಮ್ಯಾಚಿನಲ್ಲಿ ಆಡಿದ್ದು 11 ನಿಮಿಷ. ಕೊನೆಯ ವರ್ಷ ಸ್ಕಾಲರ್‌ಶಿಪ್ ನೋಡೋಣ ಅಂತ ಕೋಚ್ ಬಾಯಿಮಾತಲ್ಲಿ ಹೇಳಿದ್ದರು.

2025ರ ಮಾರ್ಚಿನಲ್ಲಿ ಕರೆದು ಜಾಗ ಇಲ್ಲ ಅಂದರು. ಆಗಿನ್ನೂ ಒಪ್ಪಂದಕ್ಕೆ ಒಪ್ಪಿಗೆಯೇ ಸಿಕ್ಕಿರಲಿಲ್ಲ, ಕಾಲೇಜುಗಳು ಮುಂಚೆಯೇ ತಯಾರಾಗುತ್ತಿದ್ದವು. ಮಗ ಆ ವಾರ ಮನೆಗೆ ಬಂದಾಗ ಬ್ಯಾಗಿನಲ್ಲಿ ಎರಡು ಜೊತೆ ಶೂ, ಜೊತೆಗೆ ಲಾಕರ್ ಮೇಲಿದ್ದ ಹೆಸರಿನ ಪಟ್ಟಿ. ಪಟ್ಟಿಯ ಹಿಂದೆ ಅಂಟು ಇನ್ನೂ ಹಾಗೇ ಇತ್ತು. ಅವನ ಅಮ್ಮ ಅದನ್ನು ಎಲ್ಲಿಡೋದು ಅಂತ ಗೊತ್ತಾಗದೆ ಫ್ರಿಜ್ ಮೇಲಿಟ್ಟಳು.

ಏಪ್ರಿಲ್‌ನಲ್ಲಿ ನ್ಯಾಯಾಧೀಶೆ, ಈಗಾಗಲೇ ಟೀಮಿನಲ್ಲಿರುವ ಮಕ್ಕಳನ್ನು ಹೀಗೆ ಹೊರಗೆ ಹಾಕೋದು ಸರಿಯಲ್ಲ, ಅದನ್ನು ಸರಿಮಾಡಿ ಅಂದರು. ನಮಗೆ ಮತ್ತೆ ಜೀವ ಬಂತು. ಕೊನೆಗೆ ಜಾಗ ಕಳೆದುಕೊಂಡ ಮಕ್ಕಳ ಒಂದು ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿರುವವರು 15ರ ಲೆಕ್ಕಕ್ಕೆ ಬರುವುದಿಲ್ಲ, ಬೇರೆ ಕಾಲೇಜಿಗೆ ಹೋದರೂ ಅಷ್ಟೇ. ಆದರೆ ವಾಪಸ್ ತಗೊಳ್ಳೋದು ಬಿಡೋದು ಕಾಲೇಜಿನ ಇಷ್ಟ. ಮಗನ ಹೆಸರು ಪಟ್ಟಿಗೆ ಸೇರಿತು. ಕೋಚ್ ಫೋನ್ ಮಾಡಲಿಲ್ಲ. ಆ ನ್ಯಾಯಾಧೀಶೆಯ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಇಂಥ ಮಕ್ಕಳು ಇದ್ದಾರೆ ಅಂತ ನೆನಪಿಸಿದ್ದು ಅವರೇ.

ನಿಮ್ಮ ಮಗನಿಗೆ ಈ ಪಟ್ಟಿ ಅನ್ವಯಿಸೋದಿಲ್ಲ. ಅದು ಆಗ ಇದ್ದವರಿಗೆ ಮಾತ್ರ.

ಇನ್ನೊಂದು ದೊಡ್ಡ ಅಡ್ಡಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಬೇಕು ಅನ್ನೋ ಆಟಗಾರರ ಹೆಸರು ಸೇರುವ ಪಟ್ಟಿ. 2024ರಿಂದ ಆಟಗಾರರು ಎಷ್ಟು ಸಲ ಕಾಲೇಜು ಬದಲಿಸಿದರೂ, ಓದು ಸರಿಯಿದ್ದರೆ, ತಕ್ಷಣ ಆಡಬಹುದು. ಇರೋದು 15 ಜಾಗ. ಕೋಚ್ 18 ವರ್ಷದ ಹೊಸ ಹುಡುಗನನ್ನು ಮೂರು ವರ್ಷ ಬೆಳೆಸೋ ಬದಲು 22 ವರ್ಷದ ಪಳಗಿದವನನ್ನು ತರುತ್ತಾರೆ. ಡಿವಿಷನ್ 1ರಲ್ಲಿ 350ಕ್ಕೂ ಜಾಸ್ತಿ ಟೀಮುಗಳಿದ್ದರೂ ಹೈಸ್ಕೂಲಿನಿಂದ ಬರುವ ಮಕ್ಕಳಿಗೆ ಬಾಗಿಲು ಚಿಕ್ಕದಾಗಿದೆ.

ಹಾಗಂತ ಕೈಬಿಡಬೇಡಿ. ಈ ಒಪ್ಪಂದಕ್ಕೆ ಸೇರದ ಡಿವಿಷನ್ 1 ಕಾಲೇಜುಗಳೂ ಇವೆ. ಅಲ್ಲಿ ಹಳೇ 13ರ ಲೆಕ್ಕವೇ ನಡೆಯುತ್ತದೆ, ವಾಕ್-ಆನ್‌ಗೆ ಜಾಗವೂ ಇದೆ. ಹಾರ್ವರ್ಡ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್ ಕೂಡ ಹೊರಗಿದೆ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ಪೇ ಇಲ್ಲ, ಮನೆಯ ಆದಾಯ ನೋಡಿ ಸಹಾಯ ಕೊಡುತ್ತಾರೆ. ಡಿವಿಷನ್ 2ರಲ್ಲಿ ಒಂದು ಟೀಮಿಗೆ 10 ಸ್ಕಾಲರ್‌ಶಿಪ್ಪಿನಷ್ಟು ದುಡ್ಡು, ಅದನ್ನು ಜಾಸ್ತಿ ಜನಕ್ಕೆ ಹಂಚಬಹುದು. ನಿಮ್ಮ ಮಗನ ವಯಸ್ಸಿಗೆ, ಎತ್ತರಕ್ಕೆ ನಾನು ಮೊದಲು ನೋಡೋದು ಅಲ್ಲೇ. ಡಿವಿಷನ್ 3ರಲ್ಲಿ ಆಟಕ್ಕೆ ಏನೂ ಇಲ್ಲ, ಓದಿನ ಮೇಲೆ ಸಿಗುತ್ತದೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಝೋನಾ ಯೂನಿವರ್ಸಿಟಿಯ ಡಿವಿಷನ್ 1 ಟೀಮಿನಲ್ಲಿ ಆಡಿದರು. ಅಂದರೆ ನಮ್ಮ ಊರಿನಿಂದ ಹೋಗೋಕೆ ಆಗುತ್ತದೆ, ಅಲ್ವಾ.

ಕೋಚ್ ಯಾರಾದರೂ ಮಾತಾಡಿದರೆ ಬರಹದಲ್ಲಿ ಕೇಳಿ. ಮೊದಲು ಈ ಕಾಲೇಜಿಗೇ ಸೇರುತ್ತೇನೆ ಅನ್ನುವ ಲೆಟರ್ ಆಫ್ ಇಂಟೆಂಟ್‌ಗೆ ಸಹಿ ಹಾಕಿಸುತ್ತಿದ್ದರು, 2024ರ ಅಕ್ಟೋಬರ್‌ನಲ್ಲಿ ಅದನ್ನು ತೆಗೆದುಹಾಕಿದರು. ಈಗ ಕೈಗೆ ಬರಬೇಕಾದ್ದು ಹಣಸಹಾಯದ ಒಪ್ಪಂದ ಪತ್ರ. ಅದರಲ್ಲಿ ಎಷ್ಟು ವರ್ಷ ಅಂತ ನೋಡಿ. 1973ರಿಂದ ಎಷ್ಟೋ ಕಾಲ ಸ್ಕಾಲರ್‌ಶಿಪ್ ಅಂದರೆ ಒಂದು ವರ್ಷದ್ದು, ಪ್ರತಿ ವರ್ಷ ಹೊಸದು ಮಾಡಬೇಕು. 2012ರಿಂದ ಮತ್ತೆ ಹಲವು ವರ್ಷಕ್ಕೆ ಕೊಡಬಹುದು, ಆದರೆ ಎಲ್ಲರೂ ಕೊಡೋದಿಲ್ಲ. ಕಾಲಿಗೆ ಪೆಟ್ಟಾದರೆ ದುಡ್ಡು ನಿಲ್ಲುತ್ತಾ ಅಂತ ಬಾಯಿಬಿಟ್ಟು ಕೇಳಿ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರೂ ಊಟ, ರೂಮಿನ ಭಾಗಕ್ಕೆ ತೆರಿಗೆ ಇದೆ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದವರಿಂದ ಸಾಮಾನ್ಯವಾಗಿ 14% ಹಿಡಿಯುತ್ತಾರೆ. ಜಾಹೀರಾತಿನಿಂದ ದುಡಿಯಬಹುದು ಅನ್ನೋ ಕಥೆಗಳನ್ನು ಇಲ್ಲಿನ ಮಕ್ಕಳಿಗೆ ಬಿಟ್ಟುಬಿಡಿ. ಎಫ್-1ರಲ್ಲಿ ಕೆಲಸದ ಮೇಲೆ ಕಟ್ಟುನಿಟ್ಟು ಇದೆ, ವೀಸಾಕ್ಕೇ ಕುತ್ತು ಬರಬಹುದು.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಡಿವಿಷನ್ 1ಕ್ಕೆ 16 ಕೋರ್ ವಿಷಯಗಳು (ಇಂಗ್ಲಿಷ್, ಗಣಿತ, ವಿಜ್ಞಾನದಂಥವು, ಪ್ರತಿ ವರ್ಷದ್ದನ್ನು ಬೇರೆ ಎಣಿಸಿ) ಬೇಕು, ಸರಾಸರಿ 4ಕ್ಕೆ ಕನಿಷ್ಠ 2.3 ಗ್ರೇಡ್ ಬೇಕು. ಅವರು 9ನೇ ಕ್ಲಾಸಿನಿಂದಲೇ ಎಣಿಸುತ್ತಾರೆ. ನಮ್ಮಲ್ಲಿ 10ನೇ ಕ್ಲಾಸಿನ ಕಾರ್ಡನ್ನು ಜೋಪಾನ ಮಾಡುತ್ತೇವೆ, 9ನೆಯದು ಎಲ್ಲೋ ಹೋಗಿರುತ್ತದೆ. ಅದು ಮನೆಯಲ್ಲಿದೆಯಾ ನೋಡಿ. ಇಲ್ಲದಿದ್ದರೆ ಅವನು ಇನ್ನೂ ಅದೇ ಶಾಲೆಯಲ್ಲಿರುವಾಗಲೇ ಆಫೀಸಿಗೆ ಹೋಗಿ ಸಹಿ, ಸೀಲು ಹಾಕಿಸಿ ತಗೊಂಡು ಬನ್ನಿ.