ಮಗುವಿನ ಕೋಣೆಯ ಬೂಷ್ಟು: ಉಜ್ಜುವ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ

ತೀರ್ಥಹಳ್ಳಿ ಕಡೆಯಿಂದ ಕೇಳಿದವರಿಗೆ. ನಾಲ್ಕು ವರ್ಷದ ಮಗುವಿಗೆ ಆಷಾಢದಿಂದ ರಾತ್ರಿ ಕೆಮ್ಮು, ಮಲಗುವ ಕೋಣೆಯ ಪಡುವಣ ಮೂಲೆಯಲ್ಲೂ ಬೀರುವಿನ ಹಿಂದೆಯೂ ಕಪ್ಪು ಬೂಷ್ಟು ಎಂದಿದ್ದೀರಿ. ಬ್ಲೀಚಿಂಗ್ ಪೌಡರ್, ಮೈಲುತುತ್ತ (ಕಾಪರ್ ಸಲ್ಫೇಟ್), ಹೊಸ ಪೇಂಟ್ ಅಂತ ಸಲಹೆಗಳು ಬಂದಿವೆ. ದಯವಿಟ್ಟು ಮೂರನ್ನೂ ಸದ್ಯಕ್ಕೆ ಬಿಡಿ.

ಮೊದಲು ಮಗುವನ್ನು ಇವತ್ತು ರಾತ್ರಿಯಿಂದಲೇ ಬೇರೆ ಕೋಣೆಯಲ್ಲಿ ಮಲಗಿಸಿ. ನೆಲದ ಮೇಲೆ ಹಾಸಬೇಡಿ, ಮಂಚ ಇರಲಿ, ಗೋಡೆಯಿಂದ ನಾಲ್ಕು ಇಂಚು ದೂರ ಇರಲಿ. ಹತ್ತಿ ಹಾಸಿಗೆಗೋ ದಿಂಬಿಗೋ ಬೂಷ್ಟು ವಾಸನೆ ಬಂದಿದ್ದರೆ ಒಣಗಿಸಿ ಉಳಿಸುವ ಆಸೆ ಬೇಡ. ಒಳಗಿನ ಹತ್ತಿಯನ್ನು ಯಾವ ಸೋಪೂ ಮುಟ್ಟುವುದಿಲ್ಲ.

ಜೊತೆಗೆ ಮಕ್ಕಳ ಡಾಕ್ಟರಿಗೆ ತೋರಿಸಿ, ಬೂಷ್ಟಿನ ವಿಷಯವನ್ನು ಬಾಯಿಬಿಟ್ಟು ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಲ್ಲೂ ತೇವ, ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಅಸ್ತಮಾ ಹೆಚ್ಚು ಎಂದೇ ಇದೆ. ಇಷ್ಟರವರೆಗೆ ಪರವಾಗಿಲ್ಲ ಎಂಬ ಮಿತಿಯನ್ನು ಅದು ಕೊಟ್ಟಿಲ್ಲ. ಇನ್‌ಹೇಲರ್ ಬರೆದುಕೊಟ್ಟರೆ ಹೆದರಬೇಡಿ, ಅದು ಚಟವಾಗುವುದಿಲ್ಲ. ಸ್ಪೇಸರ್ (ಇನ್‌ಹೇಲರಿಗೆ ಸಿಕ್ಕಿಸುವ ಕೊಳವೆ) ಹಾಕಿ ಕೊಡುವ ಕ್ರಮ ಅಲ್ಲೇ ಕಲಿತು ಬನ್ನಿ. ಮಗು ಮಲಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 40 ಅಥವಾ ಹೆಚ್ಚು ಇದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಮಾತಾಡಲು ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.

ಇನ್ನು ಗೋಡೆ. ಕಪ್ಪು ಕಲೆಯ ಪಕ್ಕದ ಚೆನ್ನಾಗಿರುವ ಜಾಗವನ್ನು ಒರೆಸಿ, ಒಂದಡಿ ಚೌಕದ ಅಲ್ಯೂಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಕೋಣೆಯ ಕಡೆಗೆ ಹನಿ ಇದ್ದರೆ ಒಳಗಿನ ಗಾಳಿಯ ತೇವ ತಣ್ಣನೆ ಗೋಡೆಗೆ ಕೂರುತ್ತಿದೆ. ಗೋಡೆ ಕಡೆಗಿದ್ದರೆ ನೀರು ಗೋಡೆಯೊಳಗಿನಿಂದಲೇ ಬರುತ್ತಿದೆ. ನಮ್ಮ ಕಡೆ ಎರಡೂ ಒಟ್ಟಿಗೆ ಇರುವುದೇ ಹೆಚ್ಚು. ನೆಲದಿಂದ ಎರಡು ಮೂರು ಅಡಿಯವರೆಗೆ ಪೇಂಟ್ ಉಬ್ಬಿ ಬಿಳಿ ಪುಡಿ ಉದುರುತ್ತಿದ್ದರೆ ಅದು ಬಹುಪಾಲು ಬೂಷ್ಟಲ್ಲ, ಗೋಡೆ ನೆಲದಿಂದ ನೀರು ಹೀರಿದಾಗ ಬರುವ ಉಪ್ಪು. ಸ್ವಲ್ಪ ನೀರು ಚಿಮುಕಿಸಿದರೆ ಉಪ್ಪು ಕರಗುತ್ತದೆ, ಬೂಷ್ಟು ಕರಗುವುದಿಲ್ಲ.

ಪಡುವಣ ಗೋಡೆಗೆ ಮಳೆ ನೇರ ಹೊಡೆಯುತ್ತದೆ. ಹೊರಗೆ ಹೋಗಿ ನೋಡಿ: ಸೂರಿನ ನೀರು ಗೋಡೆ ಬುಡಕ್ಕೇ ಬೀಳುತ್ತಿದೆಯೇ, ಕಿಟಕಿಯ ಮೇಲೆ ಬಿರುಕಿದೆಯೇ? ಸೂರಿಗೆ ದಂಬೆಯೋ ಪಿವಿಸಿ ಪೈಪೋ ಕಟ್ಟಿ ನೀರನ್ನು ದೂರ ಹಾಯಿಸಿ, ಗೋಡೆಗೆ ಒರಗಿಸಿಟ್ಟ ಸೌದೆ, ಮಣ್ಣು ತೆಗೆಯಿರಿ. ಮಳೆ ಮುಗಿಯುವ ತನಕ ಒಂದು ತಗಡಿನ ಮರೆ ಕಟ್ಟಿದರೂ ವ್ಯತ್ಯಾಸ ಕಾಣುತ್ತದೆ.

ಈಗ ತೊಳೆಯುವುದು. ಮಗು ಮನೆಯಲ್ಲಿ ಇಲ್ಲದ ಹೊತ್ತು ನೋಡಿ. ಎನ್‌95 ಮಾಸ್ಕ್, ರಬ್ಬರ್ ಕೈಗವಸು ಹಾಕಿ, ಕೋಣೆಯ ಬಾಗಿಲು ಮುಚ್ಚಿ ಕಿಟಕಿ ತೆರೆಯಿರಿ, ಫ್ಯಾನ್ ಬೇಡ. ಒಣ ಪೊರಕೆಯಲ್ಲಿ ಗುಡಿಸಿದರೆ ಬೂಷ್ಟಿನ ಪುಡಿ ಮನೆಯೆಲ್ಲ ಹರಡುತ್ತದೆ, ಹಾಗಾಗಿ ಮೊದಲು ನೀರು ಸಿಂಪಡಿಸಿ. ಐದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಬಟ್ಟೆ ಸೋಪಿನ ಪುಡಿ ಸಾಕು. ಕಲೆಗಿಂತ ಒಂದಡಿ ಆಚೆಯವರೆಗೂ ಉಜ್ಜಿ, ಬರೀ ನೀರಿನ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಗಳನ್ನು ಎಸೆಯಿರಿ. ಬೀರುವಿನ ಬೆನ್ನನ್ನೂ ಹೀಗೆಯೇ ಒರೆಸಿ. ಹತ್ತು ಚದರ ಅಡಿಗಿಂತ ಹೆಚ್ಚು ಹರಡಿದ್ದರೆ ಅಥವಾ ಪ್ಲಾಸ್ಟರ್ ಮೆದುವಾಗಿದ್ದರೆ ಕೆಲಸ ಬಲ್ಲವರನ್ನೇ ಕರೆಸಿ.

ಬ್ಲೀಚಿಂಗ್ ಬೇಡ ಎಂದದ್ದಕ್ಕೆ ಕಾರಣ: ಗಾರೆ ಗೋಡೆಯಲ್ಲಿ ಅದರ ಶಕ್ತಿ ಮೇಲ್ಮೈಗೇ ಮುಗಿಯುತ್ತದೆ, ನೀರು ಮಾತ್ರ ಒಳಗಿಳಿಯುತ್ತದೆ. ಬಣ್ಣ ಹೋಗಿ ಗೋಡೆ ಬೆಳ್ಳಗಾದರೂ ಸತ್ತ ಬೂಷ್ಟು ಅಲ್ಲೇ ಉಳಿದರೆ ಅಲರ್ಜಿಗೆ ಅಷ್ಟೇ ಸಾಕು. ಅದರ ಘಾಟು ಕೆಮ್ಮುವ ಮಗುವಿಗೆ ಇನ್ನೂ ಕೆಟ್ಟದು. ಬಾತ್‌ರೂಮಿನ ಆಸಿಡ್ ಅಥವಾ ವಿನೆಗರ್ ಜೊತೆ ಅದು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೈಲುತುತ್ತ ಅಡಿಕೆ ಗೊನೆಗೆ ಹೊಡೆಯಲು ಸರಿ, ಮಗು ಕೈಯಿಟ್ಟು ಬಾಯಿಗೆ ಹಾಕುವ ಗೋಡೆಗಲ್ಲ.

ಗಾಳಿಯ ತೇವ ಅಳೆಯಲು ಒಂದು ಡಿಜಿಟಲ್ ಹೈಗ್ರೋಮೀಟರ್ ತನ್ನಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತೇವ ಶೇ. 60ರ ಒಳಗೆ ಇರಬೇಕು. ಪುಷ್ಯ ಮಳೆಯಲ್ಲಿ ಹೊರಗಿನ ಗಾಳಿಯ ತೇವವೇ ಶೇ. 90 ದಾಟಿರುವಾಗ ದಿನವಿಡೀ ಕಿಟಕಿ ತೆಗೆದಿಟ್ಟರೆ ಕೋಣೆ ಒಣಗದು. ಅಡುಗೆ, ಸ್ನಾನದ ಹೊತ್ತಿನಲ್ಲಿ ಎಕ್ಸಾಸ್ಟ್ ಹಾಕಿ, ಮಳೆ ಹೊಳವಾದಾಗ ಕಿಟಕಿ ತೆಗೆಯಿರಿ. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಕೆಜಿಗಿಂತ ಹೆಚ್ಚು ನೀರು ಆವಿಯಾಗಿ ಮನೆಯೊಳಗೇ ಬರುತ್ತದೆ. ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ಬೇಡವೇ ಬೇಡ, ಜಗಲಿಯಲ್ಲಿ ಹರವಿ ಕೊನೆಗೆ ಇಸ್ತ್ರಿ ಮಾಡಿ. ಅಗ್ಗಿಷ್ಟಿಕೆ ಇಟ್ಟು ಒಣಗಿಸುವ ರೂಢಿ ಇದ್ದರೆ ಬಿಡಿ, ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಾನಿಲ ಜೀವಕ್ಕೇ ಅಪಾಯ. ಕೈಲಾದರೆ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಒಳ್ಳೆಯದು, ಅದು ಓಡುವಾಗ ಮಾತ್ರ ಬಾಗಿಲು ಕಿಟಕಿ ಮುಚ್ಚಿರಬೇಕು. ಅಟ್ಟದಲ್ಲಿ ಸರಿಯಾಗಿ ಒಣಗದ ಅಡಿಕೆ, ಕೊಬ್ಬರಿ ಇದ್ದರೆ ಅದನ್ನೂ ಇಳಿಸಿ ನೋಡಿ, ಬೂಷ್ಟು ಅಲ್ಲಿಂದಲೂ ಉದುರುತ್ತದೆ.

ಪೇಂಟ್ ಕೆಲಸ ಫೆಬ್ರವರಿಗೆ ಇರಲಿ. ಒದ್ದೆ ಗೋಡೆಗೆ ಪುಟ್ಟಿ ಮೆತ್ತಿದರೆ ಮುಂದಿನ ಮಳೆಗೆ ಹಪ್ಪಳದಂತೆ ಎದ್ದು ಬರುತ್ತದೆ. ಫಾಯಿಲ್ ಯಾವ ಕಡೆ ಒದ್ದೆಯಾಯಿತು ಅಂತ ಹೊರಗೋಡೆಯ ಫೋಟೋ ಜೊತೆ ಇಲ್ಲಿ ಹಾಕಿ, ಯಾವ ರಿಪೇರಿ ಬೇಕೆಂದು ಆಗ ಹೇಳಬಹುದು.